ಮೂರು ಕೋವಿ, ಒಂದು ಕೋವಿ, ಎರಡು ಕೋವಿ

ಹಲಗಲಿಯ ಬೇಡರ ಲಾವಣಿಯನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಊರು. 1857ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂದಿತು. ಜನರು ತಮ್ಮ ಹತ್ತಿರ ಇದ್ದ ಹತಾರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂದಿತು. ಬೇಡರು ಬೇಟೆ ಆಡಿ ಬದುಕುವ ಜನ. ಹತಾರ ಕೊಟ್ಟರೆ ಹೊಟ್ಟೆಗೇನು? ಅವರು ಕೊಡಲಿಲ್ಲ. ದಂಡು ಬಂತು. ಊರು ಸುಟ್ಟಿತು. ಸಿಕ್ಕಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು.

ಆ ಕಾಯ್ದೆ ಮಾಡುವಾಗ ಹಲಗಲಿಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಈಗಲೂ ಕೋವಿಗೆ ಕಾನೂನು ಇದೆ. ಮಲೆನಾಡಿನ ಕಡೆ ಕಾಡುಹಂದಿ ಗದ್ದೆಗೆ ನುಗ್ಗುತ್ತದೆ. ಬೆಳೆ ಕಾಯಲು ಕೋವಿ ಬೇಕು ಎಂದು ರೈತರು ಅರ್ಜಿ ಹಾಕುತ್ತಾರೆ. ಪೊಲೀಸರು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಆಮೇಲೆ ಪರವಾನಗಿ, ಅಂದರೆ ಲೈಸೆನ್ಸ್. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು ಎಂದು ಆದೇಶ ಬರುತ್ತದೆ.

ಈ ಕಾನೂನನ್ನು ಮಾಡಿದವರು ಯಾರು? ಪೊಲೀಸರೇ ಇರಬೇಕು ಅಂತ ನಾವು ಅಂದುಕೊಳ್ತೇವೆ. ಅಲ್ಲ ಅಕ್ಕಾ. ಪೊಲೀಸರು ಕಾನೂನನ್ನು ನಡೆಸುವವರು, ಮಾಡುವವರಲ್ಲ. ಬೆಂಗಳೂರಿನ ವಿಧಾನಸೌಧದಲ್ಲೂ ಇದನ್ನು ಮಾಡಲಿಲ್ಲ. ಕೋವಿ, ಗುಂಡು, ಮದ್ದು ಇವೆಲ್ಲ ಕೇಂದ್ರಕ್ಕೆ ಸೇರಿದ ವಿಷಯ ಎಂದು ನಮ್ಮ ಸಂವಿಧಾನ ಹೇಳುತ್ತದೆ. ಆದ್ದರಿಂದ ಈ ಕಾನೂನು ದಿಲ್ಲಿಯ ಸಂಸತ್ತಿನಲ್ಲಿ ಆಗಬೇಕು.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆ ಮಾಡಿತು. 1983ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ತಿದ್ದುಪಡಿ ಅಂದರೆ ಇದ್ದ ಕಾನೂನನ್ನು ತಿದ್ದುವುದು. ಒಬ್ಬರ ಹತ್ತಿರ ಮೂರಕ್ಕಿಂತ ಹೆಚ್ಚು ಕೋವಿ ಇರಬಾರದು ಎಂದಾಯಿತು. ಹೀಗೆ ಮೂವತ್ತಾರು ವರ್ಷ ನಡೆಯಿತು.

2019ರಲ್ಲಿ ಕೇಂದ್ರ ಸರ್ಕಾರಕ್ಕೆ ಮೂರು ಹೆಚ್ಚಾಯಿತು ಅನ್ನಿಸಿತು. ಗೃಹ ಇಲಾಖೆ ಒಂದು ಮಸೂದೆ ಬರೆಯಿತು. ಮಸೂದೆ ಅಂದರೆ ಇನ್ನೂ ಕಾನೂನಾಗದ ಬರಹ. ರವಿಕೆ ಹೊಲಿಯುವಾಗ ಬಟ್ಟೆ ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕ್ತೇವಲ್ಲ, ಹಾಗೆ. ಗೆರೆ ತಪ್ಪಾದರೆ ಒರೆಸಿ ಬೇರೆ ಹಾಕಬಹುದು. ಕತ್ತರಿ ಆಡಿದ ಮೇಲೆ ಕಷ್ಟ.

ನವೆಂಬರ್ 29ರಂದು ಆ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ನಾವು ಓಟು ಹಾಕಿ ಕಳಿಸಿದ ಸಂಸದರು ಕೂರುವ ಸಭೆ ಅದು. ಮಸೂದೆಯಲ್ಲಿ 'ಒಬ್ಬರಿಗೆ ಒಂದೇ ಕೋವಿ' ಎಂದು ಬರೆದಿತ್ತು.

ಕೋವಿ ಇದ್ದವರು ಸುಮ್ಮನೆ ಕೂರಲಿಲ್ಲ. ಗುರಿ ಹೊಡೆಯುವ ಆಟದವರು ನಮ್ಮ ಗತಿ ಏನು ಎಂದು ಕೇಳಿದರು. ಒಂದು ಸಾಲದು ಎಂದು ಕೆಲವು ಸಂಸದರೂ ಹೇಳಿದರು. ಸರ್ಕಾರ ತಾನೇ ಬರೆದದ್ದನ್ನು ತಾನೇ ತಿದ್ದಿತು. ಒಂದು ಹೋಗಿ ಎರಡು ಆಯಿತು. ಆಟದವರಿಗೆ ಬೇರೆ ವಿನಾಯಿತಿ ಉಳಿಯಿತು. ಡಿಸೆಂಬರ್ 9ರಂದು ಲೋಕಸಭೆ ಒಪ್ಪಿತು. ಮಾರನೇ ದಿನ ರಾಜ್ಯಸಭೆಯೂ ಒಪ್ಪಿತು. ರಾಜ್ಯಸಭೆಯ ಹೆಚ್ಚಿನ ಸದಸ್ಯರನ್ನು ಆರಿಸುವವರು ನಮ್ಮ ಶಾಸಕರು. ಎರಡೂ ಸಭೆ ಒಪ್ಪದೆ ಮಸೂದೆ ಮುಂದೆ ಹೋಗುವ ಹಾಗಿಲ್ಲ.

ಡಿಸೆಂಬರ್ 13ರಂದು ರಾಷ್ಟ್ರಪತಿಗಳು ಅಂಕಿತ ಹಾಕಿದರು. ಅಂಕಿತ ಅಂದರೆ ಒಪ್ಪಿಗೆಯ ಸಹಿ. ಆಗ ಮಸೂದೆ ಕಾನೂನಾಯಿತು. 14ರಿಂದ ಜಾರಿಗೆ ಬಂತು. ಎಲ್ಲ ಸೇರಿ ಹದಿನೈದು ದಿನ! ನಮಗೆ ಒಂದು ರೇಷನ್ ಕಾರ್ಡಿನ ಹೆಸರು ತಿದ್ದಿಸೋದಕ್ಕೂ ಇದಕ್ಕಿಂತ ಹೆಚ್ಚು ದಿನ ಹಿಡಿದದ್ದುಂಟು. ಎಲ್ಲ ಮಸೂದೆಗಳೂ ಇಷ್ಟು ಬೇಗ ಹೋಗುವುದಿಲ್ಲ. ಕೆಲವನ್ನು ಸಂಸದರ ಸಮಿತಿಗೆ ಕಳಿಸುತ್ತಾರೆ. ಸಮಿತಿ ಜನರಿಂದಲೂ ಅಭಿಪ್ರಾಯ ಕೇಳಬಹುದು. ಇದನ್ನೂ ಕಳಿಸಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನ್ನಿಸುತ್ತದೆ. ಹದಿನೈದು ದಿನದಲ್ಲಿ ಮಾತಾಡಲು ಆಗುವುದು ಮಾತಾಡಿ ಅಭ್ಯಾಸ ಇದ್ದವರಿಗೆ ಮಾತ್ರ.

ಎರಡಕ್ಕಿಂತ ಹೆಚ್ಚು ಕೋವಿ ಇದ್ದವರು ಮಿಕ್ಕದ್ದನ್ನು ಒಂದು ವರ್ಷದೊಳಗೆ ಠಾಣೆಗೆ, ಇಲ್ಲವೇ ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಬೇಕು ಎಂದಾಯಿತು. ಅಜ್ಜನ ಕೋವಿ ಮೊಮ್ಮಗನಿಗೆ ಬಂದರೂ ಲೆಕ್ಕ ಎರಡೇ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಹೋಯಿತು.

ಇನ್ನೊಂದು ಮಾತೂ ಆ ಕಾನೂನಿನಲ್ಲಿ ಸೇರಿತು. ನಮಗೆ ಮುಖ್ಯ ಅನ್ನಿಸಿದ್ದು ಅದೇ. ಉತ್ತರ ಭಾರತದ ಕೆಲವು ಕಡೆ ಮದುವೆ ದಿಬ್ಬಣದಲ್ಲಿ ಗುಂಡು ಹಾರಿಸುತ್ತಾರೆ. ನಾವು ಓಲಗ ಊದಿಸಿದ ಹಾಗೆ ಅವರಿಗೆ ಅದು ಸಂಭ್ರಮ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕಲ್ಲ? ಕೈ ಜಾರಿದರೆ ಎದುರಿಗಿದ್ದವರಿಗೇ ತಗಲುತ್ತದೆ. ಹೀಗೆ ಮದುವೆ ಮನೆಗಳಲ್ಲೇ ಜನ ಸತ್ತಿದ್ದಾರೆ. ಮೊದಲು ಈ ತಪ್ಪಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆ ಹೆಸರೇ ಇರಲಿಲ್ಲ. ಈಗ ಇದೆ. ಮದುವೆಯಲ್ಲಾಗಲಿ, ದೇವಸ್ಥಾನದಲ್ಲಾಗಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ. ಎರಡನ್ನೂ ಹಾಕಬಹುದು.

ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ, ನಿಜವೇ ಎಂದು ನೀವು ಕೇಳಬಹುದು. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಆ ವಿನಾಯಿತಿ ಇದೆ. ಅವರು ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ. ಈ ವಿನಾಯಿತಿ ಕೊಡಲು ಸಂಸತ್ತಿನಲ್ಲಿ ಮತ್ತೆ ಓಟು ಬೇಕಿಲ್ಲ. ಕಾಯ್ದೆಯೇ ಆ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2019ರಲ್ಲಿ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಒಬ್ಬರು ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದರು. 2021ರಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿ ಸರಿ ಎಂದಿತು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಕೋವಿ ಇದ್ದರೆ ಅದರ ಲೈಸೆನ್ಸ್ ಪುಸ್ತಕ ಕೇಳಿ ಓದಿ ನೋಡಿ. ಅದು ಯಾರ ಹೆಸರಿನಲ್ಲಿದೆ? ಯಾವ ತಾರೀಖಿನವರೆಗೆ ಇದೆ? ಬರೆದುಕೊಂಡು ಬನ್ನಿ. ನಾಳೆ ಎಲ್ಲರೂ ಕೂತು ಮಾತಾಡೋಣ. ನಮ್ಮ ಕ್ಷೇತ್ರದ ಸಂಸದರ ಹೆಸರನ್ನೂ ಬರೆದು ತನ್ನಿ.