ವಿಜ್ಞಾನವೋ, ಕಲಾ ವಿಭಾಗವೋ?

ತಂಗಿ, ಪಿಯುಸಿಯಲ್ಲಿ ಇತಿಹಾಸ, ಮನಶ್ಶಾಸ್ತ್ರ, ಐಚ್ಛಿಕ ಕನ್ನಡ ಓದಬೇಕೆಂಬ ನಿನ್ನ ಆಸೆ ಸರಿಯಾಗಿಯೇ ಇದೆ. ಒಳ್ಳೆ ಅಂಕ ಬಂದರೆ ವಿಜ್ಞಾನವೇ ಎನ್ನುವ ಅಪ್ಪನ ಮಾತಿನ ಹಿಂದಿರುವುದು ನಿನ್ನ ಅನ್ನದ ಚಿಂತೆ. ಸಿಟ್ಟಾಗಬೇಡ, ಉತ್ತರ ಕೊಡು. ಮನಶ್ಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮುಂದೆ ಧಾರವಾಡದಲ್ಲಿ ಎಂ.ಎ.ವರೆಗೂ ಓದಬಹುದು, ಆಪ್ತಸಮಾಲೋಚಕಿಯಾಗಬಹುದು. ಇತಿಹಾಸ ಕೆಎಎಸ್‌ಗೂ ಬೇಕು. ಆದರೆ ರೋಣದಲ್ಲೋ ಗಜೇಂದ್ರಗಡದಲ್ಲೋ ನೀನು ಸೇರುವ ಕಾಲೇಜಿನಲ್ಲಿ ಮನಶ್ಶಾಸ್ತ್ರ ಇದೆಯೇ ಎಂದು ಮೊದಲು ವಿಚಾರಿಸು. ಎಲ್ಲ ಕಡೆ ಇರುವುದಿಲ್ಲ.

ಧರ್ಮ, ನಂಬಿಕೆಗಳನ್ನೂ ಅರಿಯುವ ಆಸೆಯಿದ್ದರೆ, ಪಿಯುಸಿಯಲ್ಲಿ ಅವಕ್ಕೆ ಪ್ರತ್ಯೇಕ ವಿಷಯವಿಲ್ಲ. ಅದಕ್ಕೆ ನಿಮ್ಮ ಸೀಮೆಯ ಸೂಡಿಗೆ ಹೋಗು. ಜೋಡುಕಳಸದ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ. ಕಟ್ಟಿದವರು ಏನು ನಂಬಿದ್ದರು ಎಂದು ಅಲ್ಲೇ ಕೂತು ಯೋಚಿಸು. ಸವಡಿಯೂ ನಿಮ್ಮ ಸೀಮೆಯದೇ, ಕನ್ನಡಕ್ಕೆ ಪಂಚತಂತ್ರ ಕೊಟ್ಟ ದುರ್ಗಸಿಂಹನ ಊರು.

ಇನ್ನು ನರಗುಂದ. 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ, 1980ರಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಎದ್ದರು. ಜನ ಯಾವ ಘಳಿಗೆಯಲ್ಲಿ ಅಂಜಿಕೆ ಬಿಡುತ್ತಾರೆ? ಇದಕ್ಕೆ ಇತಿಹಾಸವೊಂದೇ ಸಾಲದು, ಮನಶ್ಶಾಸ್ತ್ರವೂ ಬೇಕು. 1980 ಕಂಡ ಹಿರಿಯರು ಇನ್ನೂ ಇದ್ದಾರೆ. ಅವರ ಮಾತು ಬರೆದುಕೊ. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗು.