ಅಂಗಡಿಯ ಹಣ, ಹೊಲದ ಲೆಕ್ಕ



ಬೇರೆ ಉದ್ಯೋಗದಲ್ಲಿ ಹಣ ಗಳಿಸಿ ಜಮೀನು ಕೊಂಡವರ ಹೊಲದಲ್ಲಿ ಹೊಸ ಪದ್ಧತಿ ಕಂಡರೆ, 'ಅವರಿಗೇನು, ಹೊರಗಿನ ದುಡ್ಡಿದೆ' ಎಂದುಬಿಡುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಇಂಗ್ಲೆಂಡಿನ ಜಾನ್ ಜೋಸೆಫ್ ಮೆಕಿಯವರ ಜೀವನವನ್ನು ನೋಡೋಣ.

ಮೆಕಿಯವರು 1802ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಹದಿಹರೆಯದಲ್ಲಿಯೇ ಗುಮಾಸ್ತರಾಗಿ ದುಡಿಮೆಗೆ ಸೇರಿದರು. 1828ರ ಸುಮಾರಿಗೆ ಚಾಕು-ಕತ್ತರಿಗಳ ಸಣ್ಣ ಅಂಗಡಿ ತೆರೆದರು. ಕ್ಷೌರದ ಕತ್ತಿ ಮಸೆಯಲು ಅವರು ತಯಾರಿಸಿದ ಪಟ್ಟಿ ಮನೆಮಾತಾಗಿ, ಕೆಲವೇ ವರ್ಷಗಳಲ್ಲಿ ಅವರು ಶ್ರೀಮಂತರಾದರು.

1841ರಲ್ಲಿ ಎಸೆಕ್ಸ್ ಪ್ರಾಂತ್ಯದ ಟಿಪ್‌ಟ್ರೀ ಎಂಬಲ್ಲಿ ಸುಮಾರು 130 ಎಕರೆ ಜಮೀನು ಕೊಂಡರು. ಅದು ನೀರು ನಿಲ್ಲುವ, ಫಲವತ್ತಿಲ್ಲದ ಭೂಮಿ. ಆಳವಾಗಿ ಬಸಿಗಾಲುವೆ ತೋಡಿಸಿ ನಿಂತ ನೀರನ್ನು ಹೊರಹಾಕಿದರು. ದನಗಳ ಸಗಣಿ-ಗಂಜಲವನ್ನು ತೊಟ್ಟಿಯಲ್ಲಿ ಶೇಖರಿಸಿ, ನೀರು ಬೆರೆಸಿ, ಉಗಿಯಂತ್ರದಿಂದ ಕಬ್ಬಿಣದ ಕೊಳವೆಗಳ ಮೂಲಕ ಹೊಲಕ್ಕೆ ಹಾಯಿಸಿದರು. ನೆರೆಯವರು ಮೊದಲು ನಕ್ಕರು. ಪೈರು ಚೆನ್ನಾಗಿ ಬಂದಾಗ, 'ಹೊಲವನ್ನು ಸಾಕುವುದು ಅಂಗಡಿ' ಎಂದರು. ಮೆಕಿಯವರು ಕೋಪಿಸಿಕೊಳ್ಳಲಿಲ್ಲ. ಬೇಸಾಯದ ಖರ್ಚುವೆಚ್ಚವನ್ನು ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟರು. ಹೊಲ ನೋಡಬಂದವರಿಗೆ ಬಾಗಿಲು ತೆರೆದಿಟ್ಟರು.

ಆದರೆ ಕೊನೆ ಸುಖಕರವಾಗಿರಲಿಲ್ಲ. ಕ್ರಿಮಿಯಾ ಯುದ್ಧದ ನಂತರ ಗಡ್ಡ ಬಿಡುವ ರೂಢಿ ಹೆಚ್ಚಿ ಮಸೆಪಟ್ಟಿಯ ಮಾರಾಟ ಕುಸಿಯಿತು. 1860ರ ದಶಕದಲ್ಲಿ ಅವರು ಹಣ ತೊಡಗಿಸಿದ್ದ ಬ್ಯಾಂಕು ಮುಳುಗಿತು. 1870ರ ದಶಕದಲ್ಲಿ ಮಳೆ ಹೆಚ್ಚಾಗಿ ಬೆಳೆ ಕೆಟ್ಟಿತು. ಅಮೆರಿಕದ ಗೋಧಿ ಬಂದು ಧಾರಣೆ ಇಳಿಯಿತು. 1880ರ ಡಿಸೆಂಬರಿನಲ್ಲಿ ಅವರ ಆಸ್ತಿ ಸಾಲಗಾರರ ಪಾಲಿಗೆ ಹೋಯಿತು. ಅದೇ ತಿಂಗಳ 26ರಂದು ಅವರು ತೀರಿಕೊಂಡರು.

ಹಾಗಾದರೆ ನಕ್ಕವರು ಹೇಳಿದ್ದೇ ಸರಿಯೇ? ಪೂರ್ತಿಯಾಗಿ ಅಲ್ಲ. ಅವರನ್ನು ಮುಳುಗಿಸಿದ್ದು ಬಸಿಗಾಲುವೆಯಲ್ಲ. ಅಂಗಡಿ, ಬ್ಯಾಂಕು, ಬೆಳೆ, ಧಾರಣೆ ಎಲ್ಲವೂ ಒಂದರ ಹಿಂದೊಂದು ಕೈಕೊಟ್ಟವು. ಆದರೆ ದುಬಾರಿ ಯಂತ್ರ, ಕೊಳವೆಗಳಿಗೆ ಹಾಕಿದ ಹಣ ಕಷ್ಟಕಾಲದಲ್ಲಿ ಕೈಗೆ ಮರಳುವಂಥದಲ್ಲ ಎಂಬುದೂ ನಿಜ.

ಇದರಿಂದ ನೀವು ಗಮನಿಸಬೇಕಾದ ಅಂಶಗಳು:

1. ಜಮೀನಿನಲ್ಲಿ ನೀರು ನಿಲ್ಲುತ್ತಿದ್ದರೆ ಮೊದಲು ಬಸಿಗಾಲುವೆ ಮಾಡಿ. ಬೇರಿಗೆ ಗಾಳಿಯಾಡದ ಕಡೆ ಹಾಕಿದ ಗೊಬ್ಬರದ ಬಹುಪಾಲು ವ್ಯರ್ಥ.

2. ಕೊಟ್ಟಿಗೆಯ ಗಂಜಲವನ್ನು ಚರಂಡಿಗೆ ಬಿಡಬೇಡಿ. ಅದರಲ್ಲಿ ಸಾರಜನಕವೂ ಪೊಟ್ಯಾಷೂ ಇವೆ. ಗುಂಡಿಗೆ ಹರಿಸಲು ಉಗಿಯಂತ್ರ ಬೇಕಿಲ್ಲ, ಸಣ್ಣ ಕಾಲುವೆ ಸಾಕು.

3. ಹೊಸ ಪದ್ಧತಿಯನ್ನು ಮೊದಲು ಒಂದೆರಡು ಗುಂಟೆಯಲ್ಲಿ ಪರೀಕ್ಷಿಸಿ.

4. ಹೊಲದ ಲೆಕ್ಕವನ್ನು ಬೇರೆಯಾಗಿಯೇ ಇಡಿ. ಹಾಲಿನ ಹಣ, ಮಗನ ಸಂಬಳ, ಅಂಗಡಿಯ ಲಾಭ ಇದರಲ್ಲಿ ಬೆರೆಯಬಾರದು. ಮನೆಯವರ ದುಡಿಮೆಗೂ ಕೂಲಿ ಹಿಡಿಯಿರಿ.

ಈ ಸುಗ್ಗಿಯಿಂದಲೇ ಒಂದು ನೋಟುಪುಸ್ತಕ ತೆರೆಯಿರಿ. ಹೊಲ ನಿಮ್ಮನ್ನು ಸಾಕುತ್ತಿದೆಯೋ, ನೀವೇ ಹೊಲವನ್ನು ಸಾಕುತ್ತಿದ್ದೀರೋ ಎಂಬುದನ್ನು ವರ್ಷದ ಕೊನೆಗೆ ಅದು ತಿಳಿಸುತ್ತದೆ.