ಮಾದಕ ವಸ್ತುವಿನ ಚಟ: ಸೆರೆಮನೆಯೋ, ಚಿಕಿತ್ಸೆಯೋ?



ಮಗನೋ ತಮ್ಮನೋ ಗಾಂಜಾ ಸೇದಿ ಪೊಲೀಸರ ಕೈಗೆ ಸಿಕ್ಕನೆಂದು ತಿಳಿದಾಗ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಸಂಗತಿಯನ್ನು ಮುಚ್ಚಿಡುವುದು. ಎರಡನೆಯದು, ಜಾಮೀನು ದೊರೆತೊಡನೆ ಅವನಿಗೆ ಹೆಣ್ಣು ನೋಡುವುದು. ಮದುವೆಯು ಚಟಕ್ಕೆ ಔಷಧವಲ್ಲ. ಇನ್ನೊಂದು ಮನೆಯ ಹೆಣ್ಣುಮಗಳನ್ನು ಆ ಸಂಕಟಕ್ಕೆ ದೂಡುವುದಷ್ಟೇ ಅದರ ಫಲ.

ಇದು ಪಟ್ಟಣದವರ ಪಿಡುಗೆಂದು ಭಾವಿಸಬೇಡಿರಿ. ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿಯಾಗಿದ್ದ ದಟ್ಟಗಳ್ಳಿ ಇಂದು ಮೈಸೂರು ನಗರದ ಬಡಾವಣೆಯಾಗಿದೆ. ಆ ಮೈಸೂರಿನಲ್ಲಿಯೇ 2025ರ ಜುಲೈ ತಿಂಗಳಲ್ಲಿ, ಮೆಫೆಡ್ರೋನ್ ಎಂಬ ಮಾದಕ ವಸ್ತುವನ್ನು ತಯಾರಿಸುತ್ತಿದ್ದ ಘಟಕವೊಂದರ ಮೇಲೆ ಮುಂಬಯಿ ಪೊಲೀಸರು ದಾಳಿ ನಡೆಸಿದರು.

1985ರ ಮಾದಕ ವಸ್ತುಗಳ ಕಾಯಿದೆಯು ಮಾರುವವನನ್ನೂ ಚಟಕ್ಕೆ ಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗಾಂಜಾ 20 ಕಿಲೋ ಮೀರಿದರೆ 10ರಿಂದ 20 ವರ್ಷಗಳ ಕಠಿಣ ಸೆರೆವಾಸ. ಕೇವಲ ಸೇವಿಸಿದವನಿಗೆ ವಸ್ತುವನ್ನನುಸರಿಸಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. (ಹೊಲದ ಬದುವಿನಲ್ಲಿ ನಾಲ್ಕು ಗಾಂಜಾ ಗಿಡ ಬೆಳೆಸಿದರೇನಂತೆ ಎನ್ನುವವರು, ಅದಕ್ಕೆ 10 ವರ್ಷಗಳವರೆಗೆ ಸೆರೆಯುಂಟೆಂಬುದನ್ನು ಅರಿತಿರಲಿ.)

ಚಟಕ್ಕೆ ಬಿದ್ದವನಿಗೆ ಇದೇ ಕಾಯಿದೆಯು ಚಿಕಿತ್ಸೆಯ ಬಾಗಿಲನ್ನೂ ತೆರೆದಿಟ್ಟಿದೆ. 64ಎ ಕಲಮಿನಂತೆ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ಸರ್ಕಾರಿ ಇಲ್ಲವೆ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಗಾಂಜಾಕ್ಕೆ 1 ಕಿಲೋಗಿಂತ ಕಡಿಮೆ, ಹೆರಾಯಿನ್‌ಗೆ 5 ಗ್ರಾಮಿಗಿಂತ ಕಡಿಮೆಯಿದ್ದರೆ ಸಣ್ಣ ಪ್ರಮಾಣ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ವಿನಾಯಿತಿಯನ್ನು ಹಿಂತೆಗೆಯಬಹುದು. ಅಪರಾಧ ರುಜುವಾತಾದ ಮೇಲೂ, 39ನೆಯ ಕಲಮಿನಂತೆ, ನ್ಯಾಯಾಧೀಶರು ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸೆರೆಗೆ ಬದಲಾಗಿ ಚಿಕಿತ್ಸೆಗೆ ಕಳುಹಿಸಬಹುದು.

ವೈದ್ಯನಾಗಿ ನಾನು ಈ ಮಾರ್ಗವನ್ನೇ ಮೇಲೆನ್ನುತ್ತೇನೆ. ಹೆರಾಯಿನ್ ಚಟದವನಿಗೆ ಸೆರೆಯಲ್ಲಿ ಅದು ಒಮ್ಮೆಲೇ ನಿಂತಾಗ ವಾಂತಿ, ಭೇದಿ, ಮೈಕೈ ನೋವು, ನಿದ್ರಾಹೀನತೆ ಕಾಡುತ್ತವೆ. ಸುಮಾರು ಒಂದು ವಾರದಲ್ಲಿ ಇವು ತಗ್ಗುತ್ತವೆ; ಆದರೆ ಮನಸ್ಸಿನ ಹಂಬಲ ತಿಂಗಳುಗಟ್ಟಲೆ ಉಳಿಯುತ್ತದೆ. ಇಷ್ಟರಲ್ಲಿ ಶರೀರವು ಹಿಂದಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆದುದರಿಂದಲೇ ಬಿಡುಗಡೆಯಾದವನು ಮೊದಲಿನಷ್ಟೇ ಸೇವಿಸಿದರೆ ಉಸಿರು ನಿಂತು ಸಾಯುವ ಅಪಾಯವಿದೆ. ಸೆರೆಯಿಂದ ಬಂದ ಮೊದಲ ವಾರಗಳಲ್ಲಿ ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಹಾಗೆಂದು ಚಟವು ಎಲ್ಲ ತಪ್ಪಿಗೂ ಕ್ಷಮಾಪತ್ರವಲ್ಲ. ಕಳವು ಮಾಡಿದರೆ, ಹೆಂಡತಿಯನ್ನು ಹೊಡೆದರೆ, ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ‘ಅಮಲಿನಲ್ಲಿ ಹೊಡೆದ, ಸಹಿಸಿಕೋ’ ಎಂದು ಸೊಸೆಗೆ ಹೇಳುವ ಹಿರಿಯರ ಮಾತು ನ್ಯಾಯವೂ ಅಲ್ಲ, ಚಿಕಿತ್ಸೆಯೂ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಆಕೆಗಿದೆ.

ಚಟ ಬಿಡಿಸುತ್ತೇವೆಂದು ಕಟ್ಟಿಹಾಕಿ ಹೊಡೆಯುವ ಕಡೆಗೆ ಕಳುಹಿಸಬೇಡಿರಿ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ; ಚಟವೂ ಆ ಕಾಯಿದೆಯ ವ್ಯಾಪ್ತಿಗೆ ಸೇರುತ್ತದೆ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಸಲಹೆ ಪಡೆಯಬಹುದು. ಉಚಿತ ದೂರವಾಣಿ 14446. ಬಂಧನದಲ್ಲಿರುವವನಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಒದಗಿಸಲಾಗುತ್ತದೆ, ಅದಕ್ಕೆ 15100. ಆ ವಕೀಲರಿಗೆ 64ಎ ಮತ್ತು 39ನೆಯ ಕಲಮುಗಳನ್ನು ನೆನಪಿಸಿರಿ. ಆಸ್ಪತ್ರೆಯ ಪ್ರತಿಯೊಂದು ಚೀಟಿಯನ್ನೂ ದಿನಾಂಕ ಸಹಿತ ಜೋಪಾನವಾಗಿಟ್ಟು ಅವರ ಕೈಗೆ ಕೊಡಿರಿ.